ತೊಂಬತ್ತೇಳು ಓವರುಗಳ ಲೆಕ್ಕ: ವಿನೂ ಮಂಕಡರ ವೃತ್ತಿಜೀವನ ಕುರಿತು ಒಂದು ಟಿಪ್ಪಣಿ

1952ರ ಜೂನ್‌ನಲ್ಲಿ ಇಂಗ್ಲೆಂಡ್ ಮತ್ತು ಭಾರತ ಲಾರ್ಡ್ಸ್ ಮೈದಾನದಲ್ಲಿ ಆಡಿದ ಟೆಸ್ಟ್‌ನ ಸ್ಕೋರ್‌ಕಾರ್ಡನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಹೋದರೆ ಒಂದು ಹೆಸರು ನಾಲ್ಕು ಸಲ ಕಣ್ಣಿಗೆ ಬೀಳುತ್ತದೆ. ಭಾರತದ ಮೊದಲ ಇನಿಂಗ್ಸ್ 235. ಅದರಲ್ಲಿ ಆರಂಭಿಕ ಬ್ಯಾಟರ್ ಮಂಕಡರದು 72. ಇಂಗ್ಲೆಂಡಿನ ಉತ್ತರ 537. ಅದರ ಕೆಳಗೆ, ಬೌಲಿಂಗ್ ಪಟ್ಟಿಯಲ್ಲಿ, ಮಂಕಡ್ 73 ಓವರ್, 24 ಮೇಡನ್, 196 ರನ್, 5 ವಿಕೆಟ್. ಭಾರತದ ಎರಡನೆಯ ಇನಿಂಗ್ಸ್ 378. ಮಂಕಡ್ ಮತ್ತೆ ಮೊದಲಿಗರಾಗಿ ಇಳಿದು 184. ಇಂಗ್ಲೆಂಡಿಗೆ ಗೆಲ್ಲಲು ಬೇಕಾದ 79 ರನ್‌ಗಳ ಬೆನ್ನಟ್ಟುವಿಕೆಯಲ್ಲೂ ಅವರದೇ ಕೈಯಲ್ಲಿ ಚೆಂಡು: 24 ಓವರ್, 12 ಮೇಡನ್, 35 ರನ್. ಒಟ್ಟು 97 ಓವರ್, 256 ರನ್. ತಂಡ ಎರಡು ಇನಿಂಗ್ಸ್‌ಗಳಲ್ಲಿ ಗಳಿಸಿದ 613 ರನ್‌ಗಳಲ್ಲಿ ನೂರಕ್ಕೆ ಸುಮಾರು 42 ಪಾಲು ಒಬ್ಬರದು. ಭಾರತ ಆ ಪಂದ್ಯವನ್ನು ಎಂಟು ವಿಕೆಟ್‌ಗಳಿಂದ ಸೋತಿತು.

ಈ ಅಂಕಿಗಳನ್ನು ಕ್ರಿಕೆಟ್ ಬರೆಹಗಳು ಎಷ್ಟೋ ಸಲ ಹೊಗಳಿವೆ. ಒಬ್ಬನ ಸಾಹಸವೆಂದು, ಏಕಾಂಗಿ ಹೋರಾಟವೆಂದು ಕರೆದಿವೆ. ಹೊಗಳಿಕೆಯಲ್ಲಿ ತಪ್ಪಿಲ್ಲ. ಆದರೆ ಅದೇ ಹೊಗಳಿಕೆ ಒಂದು ಸಂಗತಿಯನ್ನು ಬದಿಗೆ ಸರಿಸುತ್ತದೆ ಎಂಬುದು ನನ್ನ ತಕರಾರು. ಆ ಪಂದ್ಯಕ್ಕೆ ಮಂಕಡ್ ಬಂದದ್ದು ಪ್ರವಾಸಿ ತಂಡದ ಸದಸ್ಯರಾಗಿ ಅಲ್ಲ. ಲ್ಯಾಂಕಶೈರ್ ಲೀಗ್‌ನ ಹ್ಯಾಸ್ಲಿಂಗ್ಡನ್ ಎಂಬ ಸಣ್ಣ ಗಿರಣಿ ಊರಿನ ಕ್ಲಬ್ಬಿನಲ್ಲಿ ಸಂಬಳಕ್ಕೆ ಆಡುತ್ತಿದ್ದವರನ್ನು ಭಾರತದ ಕ್ರಿಕೆಟ್ ಮಂಡಳಿ ಕೇಳಿ ಕರೆಸಿಕೊಂಡಿತ್ತು. ಅವರು ವೃತ್ತಿ ಆಟಗಾರ. ಇಂದು ನಾವು 'ವೃತ್ತಿಪರ' ಎಂಬ ಮಾತನ್ನು ಅಚ್ಚುಕಟ್ಟು, ಶಿಸ್ತು ಎಂಬ ಅರ್ಥದಲ್ಲಿ ಬಳಸುತ್ತೇವೆ. ಮಂಕಡರ ಕಾಲದಲ್ಲಿ ಅದಕ್ಕೆ ಇದ್ದ ಅರ್ಥ ಸರಳ: ಆಟವೇ ಹೊಟ್ಟೆಪಾಡು. ಮಂಕಡ್ ಎಂತಹ ಆಲ್‌ರೌಂಡರ್ ಆದರು ಎಂಬುದನ್ನು ಈ ಹಳೆಯ ಅರ್ಥದಿಂದ ಹೊರಟು ನೋಡಿದರೆ ಮಾತ್ರ ಅವರ ಅಂಕಿಅಂಶಗಳು ಬಾಯಿಬಿಡುತ್ತವೆ ಎಂದು ಈ ಟಿಪ್ಪಣಿಯಲ್ಲಿ ತೋರಿಸಲು ಯತ್ನಿಸುತ್ತೇನೆ.

ಮೂಲವಂತರಾಯ್ ಹಿಮ್ಮತ್‌ಲಾಲ್ ಮಂಕಡ್ ಹುಟ್ಟಿದ್ದು 1917ರ ಏಪ್ರಿಲ್ 12ರಂದು, ಕಾಠಿಯಾವಾಡದ ಜಾಮ್‌ನಗರದಲ್ಲಿ. 'ವಿನೂ' ಶಾಲೆಯ ದಿನಗಳಿಂದ ಅಂಟಿಕೊಂಡ ಹೆಸರು. ಜಾಮ್‌ನಗರ ಆಗ ನವಾನಗರ ಸಂಸ್ಥಾನದ ರಾಜಧಾನಿ. ರಣಜಿತ್‌ಸಿಂಹಜಿ ಆಳಿದ ಊರು. ಆ ಸಂಸ್ಥಾನದಲ್ಲಿ ಕ್ರಿಕೆಟ್ ಅರಮನೆಯ ಆಟವೂ ಹೌದು, ಅರಮನೆ ಕೊಡುವ ಉದ್ಯೋಗವೂ ಹೌದು. ಅರಸುಮನೆತನದವರಿಗೆ ಅದು ಗೌರವದ ಮಾತು. ಊರಿನ ಹುಡುಗರಿಗೆ ಸಂಬಳದ ದಾರಿ. ಸಂಸ್ಥಾನ ಸಸೆಕ್ಸ್ ಕೌಂಟಿಯ ವೃತ್ತಿ ಆಟಗಾರ ಆಲ್ಬರ್ಟ್ ವೆನ್ಸ್‌ಲಿಯನ್ನು ಕರೆಸಿತು. ವೆನ್ಸ್‌ಲಿ ಸ್ವತಃ ಆಲ್‌ರೌಂಡರ್. ಅವರ ಕೈಯಲ್ಲಿ ಮಂಕಡರ ಎಡಗೈ ಸ್ಪಿನ್ ಪಕ್ವವಾಯಿತು. ಅದೇ ವೆನ್ಸ್‌ಲಿಯ ನಾಯಕತ್ವದಲ್ಲಿ ನವಾನಗರ 1936-37ರ ರಣಜಿ ಟ್ರೋಫಿ ಗೆದ್ದಾಗ, ಬಂಗಾಳದ ಎದುರಿನ ಫೈನಲ್‌ನಲ್ಲಿ ಇನ್ನೂ ಇಪ್ಪತ್ತು ತುಂಬದ ಮಂಕಡ್ 185 ರನ್ ಹೊಡೆದರು. ಒಬ್ಬ ಕೂಲಿಕಾರ ಇನ್ನೊಬ್ಬ ಕೂಲಿಕಾರನಿಗೆ ಕಸುಬು ಕಲಿಸಿದ ಹಾಗೆ ನಡೆದ ಈ ಕಲಿಕೆಯನ್ನು ಮಂಕಡರ ಜೀವನದ ಮೊದಲ ಮುಖ್ಯ ಘಟನೆ ಎಂದು ನಾನು ಎಣಿಸುತ್ತೇನೆ. ಬ್ಯಾಟಿಂಗ್ ಚೆನ್ನಾಗಿ ಬರುವ ಹುಡುಗನಿಗೆ ಬೌಲಿಂಗನ್ನೂ ಕಲಿ ಎಂದು ಹೇಳುವುದು ಕೌಂಟಿಯ ಸಂಬಳದಾಳಿನ ವಿವೇಕ. ಒಂದು ಕೈ ಸೋತ ದಿನ ಇನ್ನೊಂದು ಕೈ ಅನ್ನ ಕೊಡಬೇಕು.

ಮರುವರ್ಷ, 1937-38ರಲ್ಲಿ, ಲಾರ್ಡ್ ಟೆನ್ನಿಸನ್ ಇಂಗ್ಲಿಷ್ ತಂಡವೊಂದನ್ನು ಕರೆತಂದು ಐದು ಅನಧಿಕೃತ ಟೆಸ್ಟ್‌ಗಳನ್ನು ಆಡಿದರು. ಇಪ್ಪತ್ತರ ಮಂಕಡ್ ಆ ಸರಣಿಯಲ್ಲಿ ಭಾರತದ ಬ್ಯಾಟಿಂಗ್ ಸರಾಸರಿ ಪಟ್ಟಿಯಲ್ಲೂ ಬೌಲಿಂಗ್ ಸರಾಸರಿ ಪಟ್ಟಿಯಲ್ಲೂ ಮೊದಲಿಗರಾದರು. ಮುಂದೆ ಬರಬೇಕಾದದ್ದು ಟೆಸ್ಟ್ ಟೋಪಿ. ಬಂದದ್ದು ಯುದ್ಧ. ಅವರ ಮೊದಲ ಅಧಿಕೃತ ಟೆಸ್ಟ್ 1946ರ ಜೂನ್‌ನಲ್ಲಿ, ಲಾರ್ಡ್ಸ್‌ನಲ್ಲಿ, 29ನೆಯ ವಯಸ್ಸಿಗೆ. ಅವರ ಟೆಸ್ಟ್ ದಾಖಲೆಯನ್ನು ತೂಗುವವರು ಈ ವಯಸ್ಸನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು. ಲಾರ್ಡ್ಸ್‌ನ 97 ಓವರ್ ಎಸೆದಾಗ ಅವರಿಗೆ 35; ಅತಿ ಹೆಚ್ಚಿನ ಸ್ಕೋರ್ 231 ಹೊಡೆದಾಗ 38. ಬ್ಯಾಟರಿಗೂ ಬೌಲರಿಗೂ ಮೈ ಹಗುರವಾಗಿರುವ ಎಂಟು ವರ್ಷ ಟೆಸ್ಟ್ ಲೆಕ್ಕಕ್ಕೆ ಸೇರಲೇ ಇಲ್ಲ.

1946ರ ಇಂಗ್ಲೆಂಡ್ ಪ್ರವಾಸದ ಒಟ್ಟು ಲೆಕ್ಕ ಅವರ ದುಡಿಮೆಯ ಸ್ವರೂಪವನ್ನು ಮೊದಲ ಸಲ ಪೂರ್ತಿಯಾಗಿ ತೋರಿಸುತ್ತದೆ: ಪ್ರಥಮ ದರ್ಜೆ ಪಂದ್ಯಗಳಲ್ಲಿ 1,120 ರನ್, 129 ವಿಕೆಟ್. ಒಂದೇ ಬೇಸಿಗೆಯಲ್ಲಿ ಸಾವಿರ ರನ್, ನೂರು ವಿಕೆಟ್. ಇಂಗ್ಲೆಂಡಿನವರು 'ಡಬಲ್' ಎಂದು ಕರೆಯುವ ಈ ಸಾಧನೆಯನ್ನು ಇಂಗ್ಲೆಂಡ್ ಪ್ರವಾಸದಲ್ಲಿ ಮಾಡಿದ ಭಾರತೀಯ ಇನ್ನೊಬ್ಬನಿಲ್ಲ. ಅದಕ್ಕೂ ಹಿಂದೆ ಪ್ರವಾಸಿಯೊಬ್ಬ ಅದನ್ನು ಮಾಡಿದ್ದು 1928ರಲ್ಲಿ; ವೆಸ್ಟ್ ಇಂಡೀಸ್‌ನ ಲಿಯರಿ ಕಾನ್‌ಸ್ಟಂಟೈನ್. ಆ ಪ್ರವಾಸದ ಮರುವರ್ಷವೇ ಕಾನ್‌ಸ್ಟಂಟೈನ್ ಲ್ಯಾಂಕಶೈರ್ ಲೀಗ್‌ನ ನೆಲ್ಸನ್ ಕ್ಲಬ್ಬಿಗೆ ಸಂಬಳದ ಆಟಗಾರರಾಗಿ ಹೋದರು, ಒಂಬತ್ತು ಋತು ಆಡಿದರು. ಮಂಕಡರೂ ಅದೇ ಲೀಗ್‌ಗೆ ಹೋದರು. ಕ್ರಿಕೆಟ್ ವಾರ್ಷಿಕ ವಿಸ್ಡನ್ ತನ್ನ 1947ರ ಸಂಚಿಕೆಯಲ್ಲಿ ಮಂಕಡರನ್ನು ವರ್ಷದ ಐವರು ಕ್ರಿಕೆಟಿಗರಲ್ಲಿ ಒಬ್ಬರೆಂದು ಆರಿಸಿತು. ಆದರೆ ವಿಸ್ಡನ್‌ನ ಗೌರವಕ್ಕೆ ಸಂಬಳವಿಲ್ಲ. ಕ್ಲಬ್ಬಿನ ಕರಾರಿಗೆ ಇತ್ತು.

ಲೀಗ್‌ನ ವ್ಯವಸ್ಥೆಯನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಆಲ್‌ರೌಂಡರ್ ಎಂಬ ಜಾತಿಯ ಆಟಗಾರನಿಗೆ ಅದು ಹೇಳಿ ಮಾಡಿಸಿದ ಕಣ. ಲ್ಯಾಂಕಶೈರ್ ಲೀಗ್‌ನ ಕ್ಲಬ್‌ಗಳು ಬಟ್ಟೆ ಗಿರಣಿಗಳ ಊರುಗಳವು. ವಾರಾಂತ್ಯದ ಒಂದೇ ಮಧ್ಯಾಹ್ನದಲ್ಲಿ ಮುಗಿಯುವ ಪಂದ್ಯ. ಆಟಗಾರರೆಲ್ಲ ವಾರವಿಡೀ ಬೇರೆ ಕೆಲಸ ಮಾಡುವ ಸ್ಥಳೀಯರು. ಅವರ ನಡುವೆ ಸಂಬಳದ ಆಟಗಾರ ಒಬ್ಬನೇ ಇರಬಹುದು ಎಂಬ ನಿಯಮ. ಒಬ್ಬನೇ ಎಂದಮೇಲೆ ಅವನು ಬ್ಯಾಟ್ ಹಿಡಿಯಲೂ ಬೇಕು, ಚೆಂಡು ಎಸೆಯಲೂ ಬೇಕು, ವಾರದ ಸಂಜೆಗಳಲ್ಲಿ ಊರಿನ ಹುಡುಗರಿಗೆ ಕಲಿಸಲೂ ಬೇಕು. ಅರ್ಧಶತಕ ಹೊಡೆದ ದಿನ ಅಥವಾ ರಾಶಿ ವಿಕೆಟ್ ಕಿತ್ತ ದಿನ ನೋಡುಗರ ನಡುವೆ ಡಬ್ಬಿ ತಿರುಗುತ್ತಿತ್ತು. ಬಿದ್ದ ಚಿಲ್ಲರೆ ಅವನದು. ಬರಿಯ ಬ್ಯಾಟರಿಗಿಂತ, ಬರಿಯ ಬೌಲರಿಗಿಂತ, ಎರಡೂ ಬಲ್ಲವನಿಗೆ ಕರಾರು ಬೇಗ ಸಿಗುತ್ತಿತ್ತು. ನವಾನಗರದವರೇ ಆದ ಅಮರ್ ಸಿಂಗ್ ಮೊದಲು ಕೋಲ್ನ್ ಕ್ಲಬ್ಬಿನಲ್ಲಿ ಆಡಿದ್ದರು. ಲಾಲಾ ಅಮರನಾಥ್ ನೆಲ್ಸನ್‌ನಲ್ಲಿ. ವಿಜಯ್ ಹಜಾರೆ ರಾಟೆನ್‌ಸ್ಟಾಲ್‌ನಲ್ಲಿ. ಭಾರತದಲ್ಲಿ ಸಂಸ್ಥಾನಗಳು ಕರಗಿ, ಅರಸರ ಆಶ್ರಯ ತಪ್ಪಿದ ವರ್ಷಗಳಲ್ಲಿ ಈ ಗಿರಣಿ ಊರುಗಳು ನಮ್ಮ ಅತ್ಯುತ್ತಮ ಕ್ರಿಕೆಟಿಗರ ಒಲೆ ಉರಿಸಿದವು ಎಂಬುದನ್ನು ಭಾರತೀಯ ಕ್ರಿಕೆಟ್‌ನ ಇತಿಹಾಸಗಳು ಇನ್ನಷ್ಟು ಒತ್ತಿ ಹೇಳಬೇಕಿತ್ತು.

ಇತ್ತ ಊರಿನಲ್ಲಿ ಅವರ ರಣಜಿ ಟ್ರೋಫಿ ತಂಡಗಳ ಸಾಲನ್ನು ನೋಡಿ. ವೆಸ್ಟರ್ನ್ ಇಂಡಿಯಾ, ನವಾನಗರ, ಮಹಾರಾಷ್ಟ್ರ, ಗುಜರಾತ್, ಬಂಗಾಳ, ಮುಂಬೈ, ರಾಜಸ್ಥಾನ. ಏಳು ತಂಡಗಳು. ಕೆಲಸ ಎಲ್ಲಿ ಸಿಕ್ಕಿತೋ ಅಲ್ಲಿಗೆ ಗಂಟುಮೂಟೆ ಕಟ್ಟಿದ ಗುರುತು ಇದು. ಟೆಸ್ಟ್‌ನಲ್ಲಿಯೂ ಇದರದೇ ಇನ್ನೊಂದು ರೂಪ: ಒಂದರಿಂದ ಹನ್ನೊಂದರವರೆಗೆ ಎಲ್ಲ ಕ್ರಮಾಂಕಗಳಲ್ಲೂ ಬ್ಯಾಟ್ ಹಿಡಿದ ಬೆರಳೆಣಿಕೆಯ ಆಟಗಾರರಲ್ಲಿ ಮಂಕಡ್ ಒಬ್ಬರು, ಇಂಗ್ಲೆಂಡಿನ ವಿಲ್ಫ್ರೆಡ್ ರೋಡ್ಸ್, ಆಸ್ಟ್ರೇಲಿಯದ ಸಿಡ್ ಗ್ರೆಗರಿ ಅದೇ ಸಾಲಿನವರು. ಅಭಿಮಾನಿಗಳು ಇದನ್ನು ಬಹುಮುಖ ಪ್ರತಿಭೆಯ ಸಾಕ್ಷಿ ಎನ್ನುತ್ತಾರೆ. ನನಗೆ ಅದರಲ್ಲಿ ಇನ್ನೊಂದೂ ಕಾಣುತ್ತದೆ. ನಿಗದಿಯಾದ ಜಾಗವನ್ನು ತಂಡ ಅವರಿಗೆ ಕೊಡಲಿಲ್ಲ. ಎಲ್ಲಿ ತೂತು ಬಿತ್ತೋ ಅಲ್ಲಿಗೆ ಅವರನ್ನು ಕಳಿಸಿತು.

1952ಕ್ಕೆ ಮರಳುತ್ತೇನೆ. ಆ ವರ್ಷದ ಆರಂಭದಲ್ಲಿ, ಫೆಬ್ರವರಿಯಲ್ಲಿ, ಮದರಾಸಿನ ಚೆಪಾಕ್‌ನಲ್ಲಿ ಭಾರತ ತನ್ನ ಮೊಟ್ಟಮೊದಲ ಟೆಸ್ಟ್ ಗೆಲುವು ಕಂಡಿತು. ಇಂಗ್ಲೆಂಡ್ 266 ಮತ್ತು 183, ಭಾರತ 9 ವಿಕೆಟ್‌ಗೆ 457 ಡಿಕ್ಲೇರ್; ಇನಿಂಗ್ಸ್ ಮತ್ತು 8 ರನ್ ಗೆಲುವು. ಪಂಕಜ್ ರಾಯ್ ಮತ್ತು ಪಾಲಿ ಉಮ್ರಿಗರ್ ಶತಕ ಬಾರಿಸಿದರು. ಮಂಕಡ್ ಮೊದಲ ಇನಿಂಗ್ಸ್‌ನಲ್ಲಿ 55 ರನ್‌ಗೆ 8 ವಿಕೆಟ್, ಎರಡನೆಯದರಲ್ಲಿ 53 ರನ್‌ಗೆ 4 ವಿಕೆಟ್ ಪಡೆದರು. ವಿಕೆಟ್ ಕೀಪರ್ ಖೋಖನ್ ಸೇನ್ ಆ ಪಂದ್ಯದಲ್ಲಿ ಐವರನ್ನು ಸ್ಟಂಪ್ ಮಾಡಿದರು, ಐದೂ ಮಂಕಡರ ಬೌಲಿಂಗ್‌ನಲ್ಲಿ. ಬ್ಯಾಟರನ್ನು ಕ್ರೀಸಿನಿಂದ ಹೊರಗೆ ಎಳೆದು ತಪ್ಪಿಸುವ ಹಾರಿಸಿದ ಚೆಂಡು, ಅದರ ಹಿಂದೆ ಕೀಪರ್ ಜೊತೆಗಿನ ತಿಳಿವಳಿಕೆ — ಈ ಐದು ಸ್ಟಂಪಿಂಗ್‌ಗಳು ಅವರ ಬೌಲಿಂಗ್ ಹೇಗಿತ್ತೆಂದು ಯಾವ ವರ್ಣನೆಗಿಂತ ಚೆನ್ನಾಗಿ ಹೇಳುತ್ತವೆ. ಅಂದಿನ ಇಂಗ್ಲೆಂಡ್ ತಂಡ ಪೂರ್ಣಬಲದ್ದಾಗಿರಲಿಲ್ಲ. ಹಟನ್, ಕಾಂಪ್ಟನ್, ಬೆಡ್ಸರ್ ಬಂದಿರಲಿಲ್ಲ. ಇದನ್ನು ಹೇಳಲೇಬೇಕು. ಸರಣಿಯ ಐದು ಟೆಸ್ಟ್‌ಗಳಲ್ಲಿ ಮಂಕಡರ ವಿಕೆಟ್‌ಗಳು 34, ಸರಾಸರಿ 16.79. ಇದನ್ನೂ ಹೇಳಬೇಕು.

ಇಷ್ಟಾದ ಮೇಲೆ ಬರುವ ಬೇಸಿಗೆಯ ಇಂಗ್ಲೆಂಡ್ ಪ್ರವಾಸಕ್ಕೆ ಅವರ ಹೆಸರು ಮೊದಲನೆಯದಾಗಿ ಇರಬೇಕಿತ್ತು. ಹ್ಯಾಸ್ಲಿಂಗ್ಡನ್‌ನಿಂದ ಕರಾರು ಬಂದಿತ್ತು. ಪ್ರವಾಸಕ್ಕೆ ತಮ್ಮನ್ನು ಖಂಡಿತ ಆರಿಸುವಿರಾ, ಹಾಗಿದ್ದರೆ ಕರಾರು ಬಿಡುತ್ತೇನೆ ಎಂಬುದು ಮಂಕಡರ ಪ್ರಶ್ನೆ. ಮಂಡಳಿ ಅಂಥ ಭರವಸೆ ಕೊಡಲು ಒಪ್ಪಲಿಲ್ಲ. ಮಂಕಡ್ ಕ್ಲಬ್ಬಿಗೆ ಸಹಿ ಹಾಕಿದರು. ಈ ಪ್ರಕರಣವನ್ನು ದೇಶಕ್ಕಿಂತ ಹಣ ಮುಖ್ಯವಾಯಿತೆ ಎಂಬ ಧಾಟಿಯಲ್ಲಿ ಬರೆದವರಿದ್ದಾರೆ. ಆ ಧಾಟಿಯನ್ನು ನಾನು ಒಪ್ಪುವುದಿಲ್ಲ. ಒಂದು ಋತುವಿನ ಸಂಬಳವನ್ನು ಕೈಬಿಟ್ಟು, ಆಯ್ಕೆಯಾಗಬಹುದು ಆಗದಿರಬಹುದು ಎಂದು ಕಾಯುವ ಐಷಾರಾಮ ಮನೆಯಲ್ಲಿ ಗದ್ದೆಯೋ ಗಾದಿಯೋ ಇದ್ದವರದು. ಮಕ್ಕಳೊಂದಿಗನಾದ 35ರ ಆಟಗಾರ ಕೇಳಿದ್ದು ಒಂದು ಹೌದು ಅಥವಾ ಇಲ್ಲ. ಅದು ನ್ಯಾಯವಾದ ಕೇಳಿಕೆ. ಅದಕ್ಕೆ ಉತ್ತರ ಕೊಡದಿದ್ದದ್ದು ಮಂಡಳಿಯ ತಪ್ಪು.

ಮಂಕಡರಿಲ್ಲದ ಭಾರತಕ್ಕೆ ಲೀಡ್ಸ್‌ನ ಮೊದಲ ಟೆಸ್ಟ್‌ನಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎರಡನೆಯ ಇನಿಂಗ್ಸ್‌ನಲ್ಲಿ ಒಂದೂ ರನ್ ಬರುವ ಮುನ್ನ ನಾಲ್ಕು ವಿಕೆಟ್ ಬಿದ್ದವು. ಮೂರು ವಿಕೆಟ್ ಆಗಷ್ಟೇ ಟೆಸ್ಟ್‌ಗೆ ಕಾಲಿಟ್ಟಿದ್ದ ಫ್ರೆಡ್ ಟ್ರೂಮನ್‌ಗೆ. ಆಮೇಲೆ ಮಂಡಳಿ ಕ್ಲಬ್ಬಿನ ಬಾಗಿಲು ತಟ್ಟಿತು. ಹ್ಯಾಸ್ಲಿಂಗ್ಡನ್ ತನ್ನ ಒಬ್ಬನೇ ಸಂಬಳದಾಳನ್ನು ಉಳಿದ ಮೂರು ಟೆಸ್ಟ್‌ಗಳಿಗೆ ಬಿಟ್ಟುಕೊಟ್ಟಿತು. ಪ್ರವಾಸಿ ತಂಡದ ಪಂದ್ಯಗಳಲ್ಲಿ ಕೈ ಪಳಗಿಸಿಕೊಳ್ಳುವ ಅವಕಾಶವೇ ಇಲ್ಲದೆ, ಮಧ್ಯಾಹ್ನವೊಂದರಲ್ಲಿ ಮುಗಿಯುವ ಲೀಗ್ ಆಟದಿಂದ ನೇರವಾಗಿ ಐದು ದಿನದ ಟೆಸ್ಟ್‌ಗೆ ಬಂದು ಮಂಕಡ್ ರಾಯ್ ಜೊತೆ ಮೊದಲ ವಿಕೆಟ್‌ಗೆ 106 ರನ್ ಸೇರಿಸಿದರು. ಉಳಿದದ್ದನ್ನು ಮೊದಲೇ ಹೇಳಿದ್ದೇನೆ.

ಅದೇ ಲಾರ್ಡ್ಸ್ ಪಂದ್ಯದ ಇನ್ನೊಂದು ಬದಿ ನನ್ನ ವಾದಕ್ಕೆ ಬೇಕು. ಇಂಗ್ಲೆಂಡಿನ ನಾಯಕ ಲೆನ್ ಹಟನ್. ಮೊದಲ ಇನಿಂಗ್ಸ್‌ನಲ್ಲಿ 150 ಹೊಡೆದರು. ಆ ಸರಣಿಗೆ ಹಟನ್‌ರನ್ನು ನಾಯಕರನ್ನಾಗಿ ಮಾಡಿದ್ದೇ ಇಂಗ್ಲಿಷ್ ಕ್ರಿಕೆಟ್‌ನಲ್ಲಿ ದೊಡ್ಡ ಸುದ್ದಿ. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ನಾಯಕತ್ವಕ್ಕೆ ನೇಮಕವಾದ ಮೊದಲ ವೃತ್ತಿ ಆಟಗಾರ ಅವರು. ಅಲ್ಲಿಯವರೆಗೆ ನಾಯಕತ್ವ ಹವ್ಯಾಸಿಗಳ, ಅಂದರೆ ಸಂಬಳ ಬೇಡದ ಮನೆತನದವರ ಸೊತ್ತಾಗಿತ್ತು. ಹವ್ಯಾಸಿ ಮತ್ತು ವೃತ್ತಿ ಎಂಬ ಭೇದವೇ ಇಂಗ್ಲೆಂಡಿನಲ್ಲಿ ಅಳಿದದ್ದು 1962ರ ಕೊನೆಯಲ್ಲಿ. ಹೀಗೆ ಒಂದೇ ಬೇಸಿಗೆಯಲ್ಲಿ, ಒಂದೇ ಮೈದಾನದಲ್ಲಿ, ಒಂದು ದೇಶ ತನ್ನ ವೃತ್ತಿ ಆಟಗಾರನಿಗೆ ನಾಯಕತ್ವ ಕೊಟ್ಟಿತ್ತು. ಇನ್ನೊಂದು ದೇಶ ತನ್ನ ವೃತ್ತಿ ಆಟಗಾರನನ್ನು ಕ್ಲಬ್ಬಿನಿಂದ ಕಡ ತಂದಿತ್ತು. ಮುಂದಿನ ಓಲ್ಡ್ ಟ್ರ್ಯಾಫರ್ಡ್ ಟೆಸ್ಟ್‌ನಲ್ಲಿ ಭಾರತ ಒಂದೇ ದಿನ 58 ಮತ್ತು 82ಕ್ಕೆ ಎರಡು ಸಲ ಆಲೌಟ್ ಆಯಿತು. ಅಲ್ಲಿ ಮಂಕಡರಿಂದಲೂ ರನ್ ಬರಲಿಲ್ಲ.

ಅವರ ಒಟ್ಟು ಟೆಸ್ಟ್ ದಾಖಲೆಗೆ ಬರೋಣ. 44 ಟೆಸ್ಟ್, 72 ಇನಿಂಗ್ಸ್, 2,109 ರನ್, ಸರಾಸರಿ 31.47, ಶತಕ 5. ವಿಕೆಟ್ 162, ಸರಾಸರಿ 32.32. ಆಲ್‌ರೌಂಡರ್‌ಗಳನ್ನು ಅಳೆಯಲು ಸಾಮಾನ್ಯವಾಗಿ ಬಳಸುವ ಅಳತೆಗೋಲು ಎಂದರೆ ಬ್ಯಾಟಿಂಗ್ ಸರಾಸರಿಯಿಂದ ಬೌಲಿಂಗ್ ಸರಾಸರಿಯನ್ನು ಕಳೆಯುವುದು. ಆಸ್ಟ್ರೇಲಿಯದ ಕೀತ್ ಮಿಲ್ಲರ್‌ಗೆ ಹೀಗೆ ಕಳೆದರೆ 36.97ರಿಂದ 22.97 ಹೋಗಿ ಸರಿಯಾಗಿ 14 ಉಳಿಯುತ್ತದೆ. ಕಪಿಲ್ ದೇವ್‌ಗೆ 31.05ರಿಂದ 29.64 ಹೋಗಿ ಒಂದೂವರೆಯ ಹತ್ತಿರ. ಮಂಕಡರಿಗೆ ಉಳಿಯುವುದು ಸೊನ್ನೆಗಿಂತ ಕೆಳಗೆ. ಈ ಅಳತೆಗೋಲನ್ನು ನಂಬಿದರೆ ಅವರು ಸಾಧಾರಣ ಆಲ್‌ರೌಂಡರ್. ನಾನು ಆ ಕೋಲನ್ನೇ ಸಂಶಯಿಸುತ್ತೇನೆ. ಅದು ಕೆಲಸದ ಗುಣವನ್ನು ಅಳೆಯುತ್ತದೆ, ಹೊತ್ತ ಹೊರೆಯನ್ನು ಅಳೆಯುವುದಿಲ್ಲ.

ಹೊರೆಯನ್ನು ಅಳೆಯಲು ಒಂದು ಸರಳ ಲೆಕ್ಕ ಸಾಕು: ಒಂದು ಟೆಸ್ಟ್‌ಗೆ ಎಷ್ಟು ಎಸೆತ? ಓವರ್ ಎಣಿಸಿದರೆ ಆಸ್ಟ್ರೇಲಿಯದ ಎಂಟು ಎಸೆತದ ಓವರುಗಳು ಅಡ್ಡ ಬರುತ್ತವೆ. ಎಸೆತಗಳನ್ನೇ ಎಣಿಸುವುದು ಕ್ಷೇಮ. ಮಂಕಡ್ 44 ಟೆಸ್ಟ್‌ಗಳಲ್ಲಿ ಎಸೆದ ಚೆಂಡುಗಳು 14,686. ಅಂದರೆ ಟೆಸ್ಟೊಂದಕ್ಕೆ 334. ಈಗ ನಮಗೆ ಚೆನ್ನಾಗಿ ಪರಿಚಯವಿರುವ ಬೌಲರ್‌ಗಳನ್ನು ಪಕ್ಕದಲ್ಲಿಡಿ. ಕಪಿಲ್‌ದೇವ್ 131 ಟೆಸ್ಟ್‌ಗಳಲ್ಲಿ 27,740, ಅಂದರೆ 212. ವೇಗದ ಬೌಲರ್ ಆದ್ದರಿಂದ ಈ ಹೋಲಿಕೆ ಪೂರ್ತಿ ನ್ಯಾಯವಲ್ಲ. ಸೋಬರ್ಸ್ 93 ಟೆಸ್ಟ್‌ಗಳಲ್ಲಿ 21,599, ಅಂದರೆ 232. ಇನ್ನು ಬೌಲಿಂಗ್ ಬಿಟ್ಟರೆ ಬೇರೆ ಹೊಣೆ ಇಲ್ಲದ ಸ್ಪಿನ್ನರ್‌ಗಳು: ನಮ್ಮ ಪ್ರಸನ್ನ 49 ಟೆಸ್ಟ್‌ಗಳಲ್ಲಿ 14,353, ಅಂದರೆ 293. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 15,963, ಅಂದರೆ 275. ಮಂಕಡರಂತೆಯೇ ಎಡಗೈ ಸ್ಪಿನ್ನರ್ ಆದ ಬಿಷನ್ ಸಿಂಗ್ ಬೇಡಿ 67 ಟೆಸ್ಟ್‌ಗಳಲ್ಲಿ 21,364, ಅಂದರೆ 319.

ಕರ್ನಾಟಕದ ಓದುಗರಿಗೆ ಪ್ರಸನ್ನ, ಚಂದ್ರ ಎಂದರೆ ದಿನವಿಡೀ ಬೌಲ್ ಮಾಡುವವರ ಪ್ರತೀಕ. ಅವರಿಬ್ಬರಿಗಿಂತ, ಬೇಡಿಯವರಿಗಿಂತಲೂ ಟೆಸ್ಟೊಂದಕ್ಕೆ ಹೆಚ್ಚು ಚೆಂಡು ಎಸೆದ ಮನುಷ್ಯ, ಅನೇಕ ಪಂದ್ಯಗಳಲ್ಲಿ ಪ್ಯಾಡ್ ಕಟ್ಟಿ ಇನಿಂಗ್ಸ್ ಆರಂಭಿಸಲು ಹೊರಟಿದ್ದರು. ಬೇಡಿ ಎದುರಾಳಿಗೆ ಓವರಿಗೆ ಕೊಟ್ಟದ್ದು 2.14 ರನ್, ಮಂಕಡರದೂ ಅದೇ 2.14. ವ್ಯತ್ಯಾಸ ಇರುವುದು ವಿಕೆಟ್ ಕೀಳುವ ವೇಗದಲ್ಲಿ: ಬೇಡಿಗೆ 80 ಎಸೆತಕ್ಕೊಂದು, ಪ್ರಸನ್ನರಿಗೆ 76ಕ್ಕೊಂದು, ಮಂಕಡರಿಗೆ 91ಕ್ಕೊಂದು. ಇದಕ್ಕೆ ಭಾಗಶಃ ಕಾರಣ ಅವರ ಸುತ್ತ ಇದ್ದ ತಂಡ ಎಂದು ನಾನು ತಿಳಿಯುತ್ತೇನೆ. ಎಪ್ಪತ್ತರ ದಶಕದ ಸ್ಪಿನ್ನರ್‌ಗಳ ಚೆಂಡಿಗೆ ಬ್ಯಾಟಿನ ಬಳಿ ಕೈಚಾಚಿ ನಿಂತಿದ್ದವರು ಸೋಲ್ಕರ್, ಆಬಿದ್ ಅಲಿ, ವೆಂಕಟರಾಘವನ್; ಜೊತೆಗೆ ಒಬ್ಬ ದಣಿದರೆ ಇನ್ನೊಬ್ಬ ಸ್ಪಿನ್ನರ್ ಸಿದ್ಧನಿದ್ದ. ಮಂಕಡರಿಗೆ ಬಹಳ ಕಾಲ ಜೊತೆಗಿದ್ದ ದೊಡ್ಡ ಸ್ಪಿನ್ನರ್ ಗುಲಾಂ ಅಹಮದ್. ಕೊನೆಯ ವರ್ಷಗಳಲ್ಲಿ ಸುಭಾಷ್ ಗುಪ್ತೆ. 1953ರಲ್ಲಿ ಕಿಂಗ್‌ಸ್ಟನ್‌ನಲ್ಲಿ ವೊರೆಲ್, ವೀಕ್ಸ್, ವಾಲ್ಕಾಟ್ ಮೂವರೂ ಶತಕ ಹೊಡೆದಾಗ ವೆಸ್ಟ್ ಇಂಡೀಸ್‌ನ ಹತ್ತೂ ವಿಕೆಟ್‌ಗಳನ್ನು ಗುಪ್ತೆ ಮತ್ತು ಮಂಕಡ್ ಐದೈದು ಹಂಚಿಕೊಂಡರು. ಮಂಕಡರ ಐದು ವಿಕೆಟ್ ಬಂದದ್ದು 82 ಓವರುಗಳಿಗೆ, 228 ರನ್ ಕೊಟ್ಟು. ಬೌಲಿಂಗ್ ಸರಾಸರಿಯನ್ನು ಕೆಡಿಸುವುದು ಇಂಥ ದಿನಗಳು. ಆದರೆ ಆ ದಿನ ಅವರು ಎಸೆಯದೆ ಹೋಗಿದ್ದರೆ ಯಾರು ಎಸೆಯಬೇಕಿತ್ತು?

ಬ್ಯಾಟಿಂಗ್ ಸರಾಸರಿಯನ್ನೂ ಬಿಡಿಸಿ ನೋಡಬೇಕು. ಐದು ಶತಕಗಳು — ಮೆಲ್ಬರ್ನ್‌ನಲ್ಲಿ 116 ಮತ್ತು 111, ಲಾರ್ಡ್ಸ್‌ನಲ್ಲಿ 184, ಮುಂಬೈಯಲ್ಲಿ 223, ಮದರಾಸಿನಲ್ಲಿ 231 — ಕೂಡಿದರೆ 865. ಒಟ್ಟು ರನ್‌ಗಳಲ್ಲಿ ನೂರಕ್ಕೆ 41 ಪಾಲು. ಉಳಿದ 67 ಇನಿಂಗ್ಸ್‌ಗಳಿಂದ ಬಂದದ್ದು 1,244, ಇನಿಂಗ್ಸ್‌ಗೆ ಹತ್ತೊಂಬತ್ತಕ್ಕೂ ಕಡಿಮೆ. ಇದು ಸ್ಥಿರ ಬ್ಯಾಟರ್‌ನ ಲೆಕ್ಕವಲ್ಲ ಎಂದು ಒಪ್ಪಬೇಕು. ಕಣ್ಣು ಕೂತ ದಿನ ಬಿಡದೆ ಬೆಳೆಸುವ, ಉಳಿದ ದಿನಗಳಲ್ಲಿ ಬೇಗ ಹೋಗುವ ಬ್ಯಾಟರ್. ಕ್ರಮಾಂಕ ಬದಲಾಗುತ್ತಲೇ ಇದ್ದುದೂ, ಹಿಂದಿನ ದಿನದ ಬೌಲಿಂಗ್ ದಣಿವೂ ಇದರಲ್ಲಿ ಎಷ್ಟು ಪಾಲು ಪಡೆದವೋ ಅದನ್ನು ಅಂಕಿಗಳಿಂದ ಬೇರ್ಪಡಿಸಲು ಬಾರದು. ದೊಡ್ಡ ಇನಿಂಗ್ಸ್‌ಗಳು ಬಂದದ್ದು ಎಲ್ಲಿ ಎಂದು ನೋಡಿದರೆ ಮಾತ್ರ ಚಿತ್ರ ತಿಳಿಯಾಗುತ್ತದೆ: ಐದರಲ್ಲಿ ಮೂರು ವಿದೇಶದ ನೆಲದಲ್ಲಿ, ಆಸ್ಟ್ರೇಲಿಯದಲ್ಲಿ ಲಿಂಡ್‌ವಾಲ್, ಮಿಲ್ಲರ್ ಇದ್ದ ತಂಡದ ಎದುರು, ಇಂಗ್ಲೆಂಡಿನಲ್ಲಿ ಬೆಡ್ಸರ್, ಟ್ರೂಮನ್, ಲೇಕರ್ ಎದುರು.

ಇನ್ನೊಂದು ಲೆಕ್ಕ. ಮಂಕಡರ ಟೆಸ್ಟ್ ಜೀವನದ ಉದ್ದಕ್ಕೂ ಭಾರತ ಗೆದ್ದದ್ದು ಬರೀ ಐದು ಟೆಸ್ಟ್. ಐದರಲ್ಲೂ ಅವರು ಆಡಿದ್ದರು. ಮದರಾಸಿನ 12 ವಿಕೆಟ್ ಆಗಲೇ ಹೇಳಿದೆ. ಎರಡನೆಯದು ಅದೇ ವರ್ಷದ ಅಕ್ಟೋಬರಿನಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ, ಪಾಕಿಸ್ತಾನ ಆಡಿದ ಮೊಟ್ಟಮೊದಲ ಟೆಸ್ಟ್: 52ಕ್ಕೆ 8, 79ಕ್ಕೆ 5. (ಅದೇ ಮೈದಾನದಲ್ಲಿ, ಅದೇ ಎದುರಾಳಿಯ ವಿರುದ್ಧ, 1999ರ ಫೆಬ್ರವರಿಯಲ್ಲಿ ನಮ್ಮ ಅನಿಲ್ ಕುಂಬ್ಳೆ 74 ರನ್‌ಗೆ ಹತ್ತೂ ವಿಕೆಟ್ ಪಡೆದಾಗ ಮಂಕಡರ ಎಂಟನ್ನು ನೆನೆದವರು ಕಡಿಮೆ.) ಮುಂದಿನ ಲಖನೌ ಟೆಸ್ಟ್‌ಗೆ ಮಂಕಡ್ ಇರಲಿಲ್ಲ, ಭಾರತ ಇನಿಂಗ್ಸ್ ಸೋಲು ಕಂಡಿತು. ಮುಂಬೈಗೆ ಮರಳಿ ಬಂದರು: 52ಕ್ಕೆ 3, 72ಕ್ಕೆ 5, ಹತ್ತು ವಿಕೆಟ್‌ಗಳ ಗೆಲುವು. ಆ ಪಂದ್ಯದಲ್ಲೇ ಅವರ ಸಾವಿರ ರನ್, ನೂರು ವಿಕೆಟ್ ಕೂಡಿಬಂದವು. 23ನೆಯ ಟೆಸ್ಟ್. 1979ರಲ್ಲಿ ಇಯಾನ್ ಬೋಥಮ್ 21 ಟೆಸ್ಟ್‌ಗಳಲ್ಲಿ ಅದನ್ನು ಮಾಡುವವರೆಗೆ ಅದಕ್ಕಿಂತ ಬೇಗ ಯಾರೂ ತಲುಪಿರಲಿಲ್ಲ. ಮೊದಲ ಮೂರು ಗೆಲುವುಗಳಲ್ಲಿ ಒಟ್ಟು 33 ವಿಕೆಟ್. ಉಳಿದೆರಡು ಗೆಲುವು 1955-56ರಲ್ಲಿ ನ್ಯೂಜಿಲೆಂಡ್ ಎದುರು. ಎರಡರಲ್ಲೂ ಅವರು ದ್ವಿಶತಕ ಬಾರಿಸಿದರು. ಮದರಾಸಿನ ಕಾರ್ಪೊರೇಷನ್ ಸ್ಟೇಡಿಯಂನಲ್ಲಿ ಪಂಕಜ್ ರಾಯ್ ಜೊತೆ ಕಟ್ಟಿದ 413 ರನ್‌ಗಳ ಆರಂಭಿಕ ಜೊತೆಯಾಟ 52 ವರ್ಷ ವಿಶ್ವದಾಖಲೆಯಾಗಿ ನಿಂತಿತು; 2008ರಲ್ಲಿ ಚಿತ್ತಗಾಂಗ್‌ನಲ್ಲಿ ದಕ್ಷಿಣ ಆಫ್ರಿಕದ ಸ್ಮಿತ್ ಮತ್ತು ಮೆಕೆಂಜಿ ಎರಡು ರನ್‌ಗಳಿಂದ ಅದನ್ನು ದಾಟಿದರು. 231 ಭಾರತೀಯನೊಬ್ಬನ ಅತ್ಯಧಿಕ ಟೆಸ್ಟ್ ಸ್ಕೋರ್ ಆಗಿ ಉಳಿದದ್ದು 1983ರಲ್ಲಿ ಗಾವಸ್ಕರ್ ಅದೇ ಊರಿನಲ್ಲಿ ಅಜೇಯ 236 ಹೊಡೆಯುವವರೆಗೆ.

ಇಷ್ಟೆಲ್ಲ ಮಾಡಿದವರ ಹೆಸರು ಜಗತ್ತಿನ ಬಾಯಲ್ಲಿ ಉಳಿದದ್ದು ಬೇರೊಂದು ಕಾರಣಕ್ಕೆ. 1947ರ ಡಿಸೆಂಬರ್ 13ರಂದು, ಸಿಡ್ನಿಯಲ್ಲಿ, ಬೌಲ್ ಮಾಡಲು ಓಡಿಬಂದ ಮಂಕಡ್ ಚೆಂಡು ಎಸೆಯದೆ, ಕ್ರೀಸು ಬಿಟ್ಟು ಮುಂದೆ ಹೋಗಿದ್ದ ನಾನ್‌ಸ್ಟ್ರೈಕರ್ ಬಿಲ್ ಬ್ರೌನ್‌ರ ಬೇಲ್ ಹಾರಿಸಿದರು. ಬ್ರೌನ್ ಆಗ 18. ಅದೇ ಪ್ರವಾಸದಲ್ಲಿ, ಅದೇ ಮೈದಾನದಲ್ಲಿ, ಆಸ್ಟ್ರೇಲಿಯನ್ ಇಲೆವೆನ್ ಎದುರಿನ ಪಂದ್ಯದಲ್ಲೂ ಬ್ರೌನ್ ಹೀಗೇ ಔಟಾಗಿದ್ದರು. ಅಂದು ಮಂಕಡ್ ಮೊದಲು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಆಸ್ಟ್ರೇಲಿಯದ ನಾಯಕ ಬ್ರಾಡ್ಮನ್ ತಮ್ಮ ಆತ್ಮಕಥೆಯಲ್ಲಿ ಮಂಕಡರ ಪರವಾಗಿಯೇ ಬರೆದರು: ನಾನ್‌ಸ್ಟ್ರೈಕರ್ ಚೆಂಡು ಕೈಬಿಡುವವರೆಗೆ ಒಳಗಿರಬೇಕೆಂಬುದು ನಿಯಮ, ಮುಂಚೆ ಓಡಿದವನು ಸಲ್ಲದ ಲಾಭ ಪಡೆಯುತ್ತಾನೆ ಎಂದು. ಆದರೂ ಪತ್ರಿಕೆಗಳು ಆ ಔಟಿಗೆ ಮಂಕಡರ ಹೆಸರಿಟ್ಟವು. ಓಡಿದವನ ಹೆಸರು ಅಂಟಲಿಲ್ಲ, ಕಾವಲು ಕಾದವನ ಹೆಸರು ಅಂಟಿತು. 2019ರಲ್ಲಿ ಜೈಪುರದ ಐಪಿಎಲ್ ಪಂದ್ಯದಲ್ಲಿ ಅಶ್ವಿನ್ ಬಟ್ಲರ್‌ರನ್ನು ಔಟ್ ಮಾಡಿದಾಗಲೂ, 2022ರಲ್ಲಿ ದೀಪ್ತಿ ಶರ್ಮಾ ಲಾರ್ಡ್ಸ್‌ನಲ್ಲಿ ಚಾರ್ಲಿ ಡೀನ್‌ರನ್ನು ಔಟ್ ಮಾಡಿದಾಗಲೂ ಜಗಳದ ನಡುವೆ ಅದೇ ಹೆಸರು ಎದ್ದಿತು. 2022ರಲ್ಲಿ ಮೆರಿಲ್ಬೋನ್ ಕ್ರಿಕೆಟ್ ಕ್ಲಬ್ ಈ ನಿಯಮವನ್ನು 'ಅನ್ಯಾಯದ ಆಟ' ಎಂಬ ಅಧ್ಯಾಯದಿಂದ ತೆಗೆದು 'ರನ್‌ಔಟ್' ಅಧ್ಯಾಯಕ್ಕೆ ಸೇರಿಸಿತು. ನಿಯಮ ಪುಸ್ತಕ ಮಂಕಡರ ಜಾಗಕ್ಕೆ ಬರಲು 75 ವರ್ಷ ಹಿಡಿಯಿತು. ರನ್‌ಔಟ್ ಆದ ವಿಕೆಟ್ ಬೌಲರ್‌ನ ಖಾತೆಗೆ ಸೇರುವುದಿಲ್ಲ. ಆದ್ದರಿಂದ ಮಂಕಡರ 162 ವಿಕೆಟ್‌ಗಳಲ್ಲಿ ಬಿಲ್ ಬ್ರೌನ್ ಇಲ್ಲ.

ಆ ಹೆಸರಿನ ಜಗಳದಲ್ಲಿ ಕಳೆದುಹೋದದ್ದು ಅದೇ ಪ್ರವಾಸದ ಎರಡು ಮೆಲ್ಬರ್ನ್ ಶತಕಗಳು. ಹೊಸದಾಗಿ ಸ್ವತಂತ್ರವಾದ ದೇಶದ ತಂಡ ಬ್ರಾಡ್ಮನ್ನರ ತಂಡದ ಕೈಯಲ್ಲಿ ನಜ್ಜುಗುಜ್ಜಾದ ಸರಣಿಯಲ್ಲಿ ಆರಂಭಿಕ ಬ್ಯಾಟರ್ ಒಬ್ಬ ಎರಡು ಶತಕ ಹೊಡೆದದ್ದನ್ನು ನಾವೇ ಹೆಚ್ಚು ನೆನೆಯಬೇಕಿತ್ತು.

ನಾಯಕತ್ವದ ಅಧ್ಯಾಯ ಚಿಕ್ಕದು. 1954-55ರ ಪಾಕಿಸ್ತಾನ ಪ್ರವಾಸದ ಐದೂ ಟೆಸ್ಟ್‌ಗಳಿಗೆ ಅವರು ನಾಯಕ, ಐದೂ ಡ್ರಾ. 1958-59ರಲ್ಲಿ ವೆಸ್ಟ್ ಇಂಡೀಸ್ ಎದುರು ನಾಲ್ಕು ನಾಯಕರನ್ನು ಕಂಡ ಆ ಗೊಂದಲದ ಸರಣಿಯಲ್ಲಿ, ಮದರಾಸ್ ಟೆಸ್ಟ್‌ನ ಹಿಂದಿನ ದಿನ ಉಮ್ರಿಗರ್ ರಾಜೀನಾಮೆ ಕೊಟ್ಟಾಗ ಮಂಕಡರನ್ನು ಕೂರಿಸಲಾಯಿತು. ಸೋತರು. ಮುಂದಿನ ದೆಹಲಿ ಟೆಸ್ಟ್‌ಗೆ ಹೇಮು ಅಧಿಕಾರಿ ನಾಯಕ. ಅಲ್ಲಿಯೇ ಮಂಕಡರ ಕೊನೆಯ ಟೆಸ್ಟ್. ಅವರಿಗೆ 41 ತುಂಬಿತ್ತು. ನಾಯಕತ್ವದಲ್ಲೂ ತೂತು ಬಿದ್ದಲ್ಲಿಗೆ ಕಳಿಸುವ ಪದ್ಧತಿ ಬದಲಾಗಲಿಲ್ಲ.

ಪ್ರಥಮ ದರ್ಜೆಯ ಆಟ ಅಲ್ಲಿಗೆ ಮುಗಿಯಲಿಲ್ಲ. ರಾಜಸ್ಥಾನಕ್ಕೆ 1961-62ರವರೆಗೂ ಆಡಿದರು. ಒಟ್ಟು 233 ಪಂದ್ಯ, 11,591 ರನ್, 782 ವಿಕೆಟ್. ಆ ರಾಜಸ್ಥಾನ ತಂಡದಲ್ಲಿ ಅವರ ಜೊತೆಗಿದ್ದ ಸಲೀಂ ದುರಾನಿ ಕೂಡ ಜಾಮ್‌ನಗರದಲ್ಲಿ ಬೆಳೆದ ಎಡಗೈ ಸ್ಪಿನ್ನರ್, ಆಲ್‌ರೌಂಡರ್. ಮುಂದೆ ಅದೇ ಜಾಮ್‌ನಗರದ ಸೀಮೆಯಿಂದ ಬಂದ ರವೀಂದ್ರ ಜಡೇಜಾ ಕೂಡ ಎಡಗೈ ಸ್ಪಿನ್ನರ್, ಆಲ್‌ರೌಂಡರ್. ಮಂಕಡರ ಮಗ ಅಶೋಕ್ 1969ರಲ್ಲಿ ಟೆಸ್ಟ್ ಆಡಿದರು. ಮಧ್ಯಮ ಕ್ರಮಾಂಕದ ಬ್ಯಾಟರ್ ಆಗಿದ್ದ ಅವರನ್ನು 1971ರಲ್ಲಿ ಗಾವಸ್ಕರ್ ಜೊತೆ ಇನಿಂಗ್ಸ್ ಆರಂಭಿಸಲು ಕಳಿಸಲಾಯಿತು. ತಂಡಕ್ಕೆ ಆರಂಭಿಕ ಬ್ಯಾಟರ್ ಒಬ್ಬ ಕಡಿಮೆ ಇದ್ದ.

ವಿನೂ ಮಂಕಡರಿಗೆ 1973ರಲ್ಲಿ ಪದ್ಮಭೂಷಣ ಬಂತು. 1978ರ ಆಗಸ್ಟ್ 21ರಂದು ಮುಂಬೈಯಲ್ಲಿ ತೀರಿಕೊಂಡರು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ತನ್ನ ಕೀರ್ತಿಶಾಲೆಗೆ ಅವರನ್ನು ಸೇರಿಸಿದ್ದು 2021ರಲ್ಲಿ. ಭಾರತದ 19 ವರ್ಷದೊಳಗಿನವರ ಏಕದಿನ ಪಂದ್ಯಾವಳಿಗೆ ಅವರ ಹೆಸರಿದೆ. ಪ್ರತಿ ಋತುವಿನಲ್ಲೂ ಕರ್ನಾಟಕದ ಹುಡುಗರು ಆ ಹೆಸರಿನ ಟ್ರೋಫಿಗಾಗಿ ಆಡುತ್ತಾರೆ.